ಅಧ್ಯಕ್ಷರ ಪಕ್ಷ ನೋಡಿ ಫೋಲ್ಡರ್ ಕಟ್ಟಬೇಡಿ

ಫೆಬ್ರುವರಿ ಬಂತೆಂದರೆ ದೆಹಲಿಯ ಸಚಿವಾಲಯಗಳ ಬಜೆಟ್ ಸೆಕ್ಷನ್‌ಗಳಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ. ಬಜೆಟ್ ಮಂಡನೆ ಮುಗಿದು ಸದನಕ್ಕೆ ಬಿಡುವು ಸಿಗುವ ಕೆಲವೇ ವಾರಗಳಲ್ಲಿ ಸಂಸತ್ತಿನ 24 ಸ್ಥಾಯಿ ಸಮಿತಿಗಳೂ ಡಿಎಫ್‌ಜಿ, ಅಂದರೆ ಸಚಿವಾಲಯಗಳು ಕೇಳುವ ಅನುದಾನದ ಬೇಡಿಕೆ, ನೋಡಿ ಮುಗಿಸಬೇಕು. ಸಂಜೆ ಸಮಿತಿಯಿಂದ ಎಲ್‌ಓಪಿ (ಲಿಸ್ಟ್ ಆಫ್ ಪಾಯಿಂಟ್ಸ್), ಅಂದರೆ ಪ್ರಶ್ನೆಗಳ ಪಟ್ಟಿ, ಬರುತ್ತದೆ. ಉತ್ತರ ಹಿಂದಿ ಅನುವಾದ ಸಮೇತ ಹೋಗಬೇಕು. ಅನುವಾದಕರು ಕಡಿಮೆ, ಪ್ರಶ್ನೆಗಳು ಜಾಸ್ತಿ.

ಅಂಥ ಒಂದು ವರ್ಷ ನಮ್ಮ ಸೆಕ್ರೆಟರಿಯವರು ಸಮಿತಿಯ ಮುಂದೆ ಕೂತು ಉತ್ತರ ಕೊಡುವ ಓರಲ್ ಎವಿಡೆನ್ಸ್‌ಗೆ ಮಾಹಿತಿಯ ಫೋಲ್ಡರ್ ಕಟ್ಟಿದ್ದು ನಾನು. ಸಮಿತಿಯ ಆ ವರ್ಷದ ವರದಿ ಸದನಕ್ಕೆ ಬಂದು ಎಷ್ಟೋ ಕಾಲವಾಗಿದೆ. ಆದರೂ ಮುಚ್ಚಿದ ಬಾಗಿಲ ಒಳಗೆ ಸದಸ್ಯರು ಆಡಿದ ಮಾತನ್ನು ಹೊರಗೆ ಹೇಳುವುದು ಸರಿಯಲ್ಲ. ವರದಿಯಲ್ಲಿ ಅಚ್ಚಾಗಿರುವುದನ್ನು ಮತ್ತು ನಮ್ಮ ಕಡೆ ಆದದ್ದನ್ನು ಮಾತ್ರ ಬರೆಯುತ್ತೇನೆ.

ಸಮಿತಿಯಲ್ಲಿ 31 ಜನ. ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಪಟ್ಟಿ ಕೈಗೆ ಬಂದ ಕೂಡಲೇ ಪ್ರತಿ ಹೆಸರಿನ ಮುಂದೆ ಪಕ್ಷ ಬರೆದೆವು. ಅಧ್ಯಕ್ಷರು ಆಡಳಿತ ಪಕ್ಷದವರು. ಹಾಗಾದರೆ ಕಷ್ಟದ ಪ್ರಶ್ನೆ ಬರುವುದು ಎದುರು ಪಕ್ಷದ ನಾಲ್ಕೈದು ಜನರಿಂದ, ಅಧ್ಯಕ್ಷರು ನಮ್ಮನ್ನು ದಡ ಮುಟ್ಟಿಸುತ್ತಾರೆ ಅನ್ನುವುದು ನನ್ನ ಲೆಕ್ಕ. ಮೇಲಿನವರದೂ ಅದೇ. ಆ ನಾಲ್ಕೈದು ಜನ ಸದನದಲ್ಲಿ ಕೇಳಿದ್ದ ಹಳೆಯ ಪ್ರಶ್ನೆಗಳನ್ನೆಲ್ಲ ಹುಡುಕಿ ಟ್ಯಾಬ್ ಹಾಕಿದೆ.

ಸಂಸತ್ ಭವನದ ಅನೆಕ್ಸ್‌ನ ಕಮಿಟಿ ರೂಮಿನಲ್ಲಿ ಸೆಕ್ರೆಟರಿ, ಎಫ್‌ಎ (ಹಣಕಾಸು ಸಲಹೆಗಾರರು), ಜಾಯಿಂಟ್ ಸೆಕ್ರೆಟರಿಗಳು ಮುಂದಿನ ಸಾಲಿನಲ್ಲಿದ್ದರು. ನಾವು ಹಿಂದೆ. ಪ್ರೆಸೆಂಟೇಷನ್ ಮುಗಿಯುತ್ತಿದ್ದಂತೆ ಅಧ್ಯಕ್ಷರೇ ಶುರುಮಾಡಿದರು. ಹಿಂದಿನ ವರದಿಯ ಒಂದು ಶಿಫಾರಸನ್ನು ಸರ್ಕಾರ ಒಪ್ಪಿದೆ ಅಂತ ನಾವೇ ಬರೆದು ಕೊಟ್ಟಿದ್ದೆವು. ಶಿಫಾರಸುಗಳ ಮೇಲೆ ಸರ್ಕಾರ ಏನು ಮಾಡಿತು ಅಂತ ಹೇಳುವ ಎಟಿಆರ್‌ನ (ಕ್ರಮ ಕೈಗೊಂಡ ವರದಿಯ) ಎರಡನೇ ಅಧ್ಯಾಯದಲ್ಲಿ, ಒಪ್ಪಿದವುಗಳ ಸಾಲಿನಲ್ಲಿ, ಅದು ಇತ್ತು. ಒಪ್ಪಿದ ಮೇಲೆ ಅದೇ ಯೋಜನೆಗೆ ಆರ್‌ಇಯಲ್ಲಿ (ಪರಿಷ್ಕೃತ ಅಂದಾಜಿನಲ್ಲಿ) ಕತ್ತರಿ ಯಾಕೆ ಬಿತ್ತು?

ಎಫ್‌ಎ ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿದರು. ನನ್ನ ತೊಡೆಯ ಮೇಲೆ ಎರಡು ದಪ್ಪ ಫೋಲ್ಡರ್. ಒಂದರಲ್ಲೂ ಹಳೆಯ ಎಟಿಆರ್ ಇರಲಿಲ್ಲ. ಬಿಇ (ಬಜೆಟ್‌ನ ಮೂಲ ಅಂದಾಜು) ಸಿಕ್ಕಿತು, ಆರ್‌ಇ ಸಿಕ್ಕಿತು, ಜನವರಿವರೆಗಿನ ಖರ್ಚು ಸಿಗಲಿಲ್ಲ. ಚೀಟಿ ಬರೆಯಲು ಪೆನ್ನು ತೆಗೆದೆ. ಬರೆಯುವುದಕ್ಕೆ ಏನೂ ಇರಲಿಲ್ಲ. ಸೆಕ್ರೆಟರಿಯವರು ಯೋಜನೆಯ ಮಹತ್ವದ ಬಗ್ಗೆ ಮಾತಾಡತೊಡಗಿದರು. ಅಧ್ಯಕ್ಷರು ತಡೆಯಲಿಲ್ಲ, ದನಿ ಏರಿಸಲೂ ಇಲ್ಲ. ಉತ್ತರಕ್ಕಾಗಿ ಕಾದರು. ಯಾರಾದರೂ ಗದರಿದ್ದರೆ ಸಹಿಸಬಹುದಿತ್ತು. ಆ ಕಾಯುವಿಕೆ ಇವತ್ತಿಗೂ ಚುಚ್ಚುತ್ತದೆ. ಕೊನೆಗೆ ಲಿಖಿತ ಉತ್ತರ ಕೊಡುತ್ತೇವೆ ಅಂತ ಹೇಳಿ ಎದ್ದು ಬಂದೆವು. ವರದಿಯಲ್ಲಿ ಅದರ ಬಗ್ಗೆ ಗಟ್ಟಿಯಾದ ಒಂದು ಪ್ಯಾರಾ ಬಂತು. ಅದಕ್ಕೆ ನಾವು ಕೊಟ್ಟ ಉತ್ತರ ಮುಂದಿನ ಎಟಿಆರ್‌ನ ನಾಲ್ಕನೇ ಅಧ್ಯಾಯಕ್ಕೆ ಬಿತ್ತು. ಅಂದರೆ ಸಮಿತಿ ಅದನ್ನು ಒಪ್ಪಲಿಲ್ಲ.

ಟಿವಿಯಲ್ಲಿ ಕಾಣುವ ಸದನ ಬೇರೆ, ಸಮಿತಿ ಬೇರೆ. ಅಲ್ಲಿ ಕ್ಯಾಮೆರಾ ಇಲ್ಲ, ಮಂತ್ರಿಗಳು ಸದಸ್ಯರಾಗುವಂತಿಲ್ಲ. 24ರಲ್ಲಿ 16 ಸಮಿತಿಗಳ ಅಧ್ಯಕ್ಷರನ್ನು ಸ್ಪೀಕರ್ ನೇಮಿಸುತ್ತಾರೆ, 8ರ ಅಧ್ಯಕ್ಷರನ್ನು ರಾಜ್ಯಸಭೆಯ ಸಭಾಪತಿ. ಹುದ್ದೆಗಳು ಪಕ್ಷಗಳ ನಡುವೆ ಹಂಚಿಕೆಯಾಗುತ್ತವೆ. ನಮ್ಮ ವೀರಪ್ಪ ಮೊಯಿಲಿಯವರು ವಿರೋಧ ಪಕ್ಷದಲ್ಲಿದ್ದುಕೊಂಡೇ 2014ರ ನಂತರ ಹಣಕಾಸು ಸಮಿತಿಯನ್ನು ನಡೆಸಿದರು. ಪಿಎಸಿಯಲ್ಲಂತೂ (ಸಾರ್ವಜನಿಕ ಲೆಕ್ಕಪತ್ರ ಸಮಿತಿ) 1967ರಿಂದ ವಿರೋಧ ಪಕ್ಷದವರೇ ಅಧ್ಯಕ್ಷರಾಗುವ ಸಂಪ್ರದಾಯ. ಮಲ್ಲಿಕಾರ್ಜುನ ಖರ್ಗೆಯವರೂ ಆ ಕುರ್ಚಿಯಲ್ಲಿ ಕೂತಿದ್ದವರು. ಯಾವ ವಿಷಯ ಎತ್ತಿಕೊಳ್ಳಬೇಕು, ಯಾರು ಮೊದಲು ಕೇಳಬೇಕು, ಅಧಿಕಾರಿಯನ್ನು ಲಿಖಿತ ಉತ್ತರಕ್ಕೆ ಬಿಡಬೇಕೋ ಅಲ್ಲೇ ಹಿಡಿದು ಕೇಳಬೇಕೋ, ಎಲ್ಲ ಅಧ್ಯಕ್ಷರ ಕೈಯಲ್ಲಿ. ಮತ ಸಮ ಬಿದ್ದರೆ ನಿರ್ಣಾಯಕ ಮತವೂ ಅವರದೇ. ಅವರು ಓದಿಕೊಂಡು ಬರುವವರೋ ಅಲ್ವೋ ಅನ್ನುವುದೇ ಮುಖ್ಯ. ಪಕ್ಷ ನೋಡಿದರೆ ಅದು ಗೊತ್ತಾಗುವುದಿಲ್ಲ.

ಈಗ ಫೋಲ್ಡರಿನಲ್ಲಿ ಮೊದಲು ಹೋಗುವುದು ಹಿಂದಿನ ಮೂರು ವರ್ಷಗಳ ಎಟಿಆರ್. ಸಮಿತಿ ಒಪ್ಪದ ಉತ್ತರಗಳ ನಾಲ್ಕನೇ ಅಧ್ಯಾಯಕ್ಕೆ ಮತ್ತು ಅಂತಿಮ ಉತ್ತರ ಇನ್ನೂ ಬಾರದವುಗಳ ಐದನೇ ಅಧ್ಯಾಯಕ್ಕೆ ಕೆಂಪು ಟ್ಯಾಬ್. ಪ್ರತಿ ಶಿಫಾರಸಿನ ಪಕ್ಕ ಬಿಇ, ಆರ್‌ಇ, ನಿಜವಾದ ಖರ್ಚು. ಹೊಸದಾಗಿ ಸೆಕ್ಷನ್‌ಗೆ ಬಂದವರಿಗೆ ನಾನು ಮೊದಲು ಕಲಿಸುವುದೂ ಇದನ್ನೇ.

ಸಿಟ್ಟು ಬರುವುದು ಇನ್ನೊಂದಕ್ಕೆ. ಈ ಸಮಿತಿಗಳ ಅವಧಿ ಒಂದೇ ವರ್ಷ. ಕೆಲವರು ಮತ್ತೆ ನೇಮಕವಾಗುತ್ತಾರೆ, ಕೆಲವರು ವಿಷಯ ಹಿಡಿತಕ್ಕೆ ಬರುವಷ್ಟರಲ್ಲಿ ಬೇರೆ ಸಮಿತಿಗೆ ಹೋಗಿರುತ್ತಾರೆ. ಶಿಫಾರಸಿಗೆ ಉತ್ತರ ಕೊಡಲು ಮೂರು ತಿಂಗಳ ಗಡುವಿದೆ. ಆದರೂ "ಪರಿಶೀಲನೆಯಲ್ಲಿದೆ" ಅಂತ ಬರೆದು ಕಳಿಸಿ, ಅಧ್ಯಕ್ಷರು ಬದಲಾಗುತ್ತಾರೆ ಬಿಡಿ ಅನ್ನುವ ಅಧಿಕಾರಿಗಳನ್ನು ಕಾರಿಡಾರ್‌ಗಳಲ್ಲಿ ನೋಡಿದ್ದೇನೆ. ಅಂದು ನಮ್ಮನ್ನು ಕಾಯಿಸಿದ ಅಧ್ಯಕ್ಷರಂಥವರಿಗೆ ಅದೇ ಕುರ್ಚಿಯಲ್ಲಿ ಐದು ವರ್ಷ ಕೊಟ್ಟರೆ ಅಂಥ ಉತ್ತರ ಬರೆಯುವ ಧೈರ್ಯ ಯಾವ ಸಚಿವಾಲಯಕ್ಕೂ ಬರುವುದಿಲ್ಲ.