ಫ್ಲ್ಯಾಂಜಿನ ಹಿಂಬದಿ ಓದುವುದು: ಮಳೆಗಾಲದ ಸ್ಟೋಮಾ ಆರೈಕೆಯ ದಾಖಲೆ

ಮಲೆನಾಡಿನ ಮಳೆಗಾಲದಲ್ಲಿ ಸ್ಟೋಮಾ ಬ್ಯಾಗು ಸೋರದ ಹಾಗೆ, ಸುತ್ತಲಿನ ಚರ್ಮ ಕೆಡದ ಹಾಗೆ ನೋಡಿಕೊಳ್ಳುವ ಕೆಲಸ ಎಲ್ಲಿಗೆ ಬಂತು ಅನ್ನುವುದರ ದಾಖಲೆ ಇದು. ಸ್ಟೋಮಾ ಅಂದರೆ ಆಪರೇಷನ್ ಮಾಡಿ ಕರುಳನ್ನು ಹೊಟ್ಟೆಯ ಮೇಲಕ್ಕೆ ತಂದು ಮಾಡಿದ ಬಾಯಿ; ಮಲ ಅದರಿಂದ ಬ್ಯಾಗಿಗೆ ಇಳಿಯುತ್ತದೆ. ಫ್ಲ್ಯಾಂಜ್ ಅಂದರೆ ನಡುವೆ ತೂತಿದ್ದು, ಬ್ಯಾಗನ್ನು ಚರ್ಮಕ್ಕೆ ಹಿಡಿಸುವ ಅಂಟಿನ ಬಿಲ್ಲೆ. ತೀರ್ಥಹಳ್ಳಿ, ಹೊಸನಗರ, ಶಿವಮೊಗ್ಗದ ಸುತ್ತಮುತ್ತ ಮನೆಯಲ್ಲೇ ಆರೈಕೆ ಮಾಡುವವರು ಸೇರಿ ಬರೆದಿಡುತ್ತಿದ್ದೇವೆ. ಇಲ್ಲಿ ಹೆಚ್ಚಿನ ಮಾತು ಇಲಿಯಾಸ್ಟಮಿಯದು, ಅಂದರೆ ಸಣ್ಣ ಕರುಳಿನಿಂದ ಮಾಡಿದ ಸ್ಟೋಮಾದ್ದು. ಸಣ್ಣ ಕರುಳಿನಿಂದ ಬರುವುದು ನೀರು ನೀರು. ಅದರಲ್ಲಿ ಜೀರ್ಣರಸ ಇನ್ನೂ ಜೀವಂತವಾಗಿರುತ್ತದೆ. ಅನ್ನ ಕರಗಿಸುವ ಆ ರಸ ಚರ್ಮದ ಮೇಲೆ ನಿಂತರೆ ಚರ್ಮವನ್ನೂ ಬಿಡುವುದಿಲ್ಲ.

ಮೃಗಶಿರಕ್ಕೆ ಮೊದಲು

ಮೊದಲ ಕೆಲಸ ಅಳತೆ. ಆಪರೇಷನ್ ಆದ ಹೊಸದರಲ್ಲಿ ಸ್ಟೋಮಾ ಊದಿಕೊಂಡಿರುತ್ತದೆ, ಆರರಿಂದ ಎಂಟು ವಾರಗಳಲ್ಲಿ ಇಳಿಯುತ್ತಾ ಬರುತ್ತದೆ. ಅಷ್ಟು ದಿನ ವಾರಕ್ಕೊಮ್ಮೆ ಅಳೆಯಲೇಬೇಕು. ಆಸ್ಪತ್ರೆಯಲ್ಲಿ ಕತ್ತರಿಸಿ ತೋರಿಸಿದ ಅಳತೆಯನ್ನೇ ತಿಂಗಳುಗಟ್ಟಲೆ ಹಿಡಿದುಕೊಂಡು ಹೋದ ಮನೆಗಳಲ್ಲಿ ಸ್ಟೋಮಾದ ಸುತ್ತ ಬರಿ ಚರ್ಮ ಉಳಿದು, ಅಷ್ಟಗಲಕ್ಕೇ ಕೆಂಪಗೆ ಬೆಂದಿರುವುದು ಕಾಣುತ್ತದೆ. ತೂತು ಸ್ಟೋಮಾಗಿಂತ 2ರಿಂದ 3 ಮಿ.ಮೀ. ದೊಡ್ಡದಿದ್ದರೆ ಸಾಕು. ಹಾಗಂತ ಬಿಗಿಯಾಗಿ ಕತ್ತರಿಸಲೂ ಬಾರದು. ಸ್ಟೋಮಾಗೆ ನೋವು ತಿಳಿಸುವ ನರಗಳಿಲ್ಲ. ಅಂಚು ಕೊಯ್ಯುತ್ತಿದ್ದರೂ ರೋಗಿಗೆ ಗೊತ್ತಾಗುವುದಿಲ್ಲ, ಕಣ್ಣಿಗೆ ರಕ್ತ ಬಿದ್ದ ಮೇಲೇ ಗೊತ್ತು.

ಸ್ಟೋಮಾ ದುಂಡಗಿದ್ದರೆ ಬಾಕ್ಸಿನಲ್ಲಿ ಬರುವ ಅಳತೆ ಕಾರ್ಡು ಸಾಕು. ಮೊಟ್ಟೆಯಾಕಾರದ್ದಾದರೆ ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಮೇಲೆ ಹಿಡಿದು ಮಾರ್ಕರಿನಲ್ಲಿ ಗುರುತು ಹಾಕಿ, ಅದರ ಹೊರಗೆ 2 ಮಿ.ಮೀ. ಬಿಟ್ಟು ಇನ್ನೊಂದು ಗೆರೆ ಎಳೆದು ಕತ್ತರಿಸಬೇಕು. ಇಲ್ಲೊಂದು ಕಡೆ ಬಹಳ ಜನ ಎಡವುತ್ತಾರೆ. ಗುರುತು ಹಾಕಿದ್ದು ಹೊಟ್ಟೆಯನ್ನು ಎದುರಿನಿಂದ ನೋಡಿ. ಕತ್ತರಿಸುವುದು ಫ್ಲ್ಯಾಂಜಿನ ಹಿಂಬದಿಯ ಕಾಗದದ ಮೇಲೆ. ಆದ್ದರಿಂದ ಹಾಳೆಯನ್ನು ಮಗುಚಿ ಇಟ್ಟೇ ಗೆರೆ ಎಳೆಯಬೇಕು. ಮಗುಚದಿದ್ದರೆ ಆಕಾರ ಎಡಬಲ ತಿರುಗಿ, ಒಂದು ಕಡೆ ಸ್ಟೋಮಾ ಒತ್ತುತ್ತದೆ, ಇನ್ನೊಂದು ಕಡೆ ಚರ್ಮ ಬಯಲಾಗುತ್ತದೆ. ಹಾಳೆಯ ಮೇಲೆ ‘ಹೊರಮುಖ’, ‘ಮೇಲೆ’ ಅಂತ ಬರೆದಿಟ್ಟರೆ ಮನೆಯ ಯಾರು ಬೇಕಾದರೂ ಕತ್ತರಿಸಬಹುದು. ಕತ್ತರಿಸಿದ ಅಂಚನ್ನು ಬೆರಳಿನಿಂದ ಒಮ್ಮೆ ಸವರಿ ನಯ ಮಾಡಿ.

ದಾಸ್ತಾನು: ಆಗುಂಬೆ ಕಡೆಯ ಮನೆಗಳಲ್ಲಿ ಜೂನ್ ಶುರುವಾದರೆ ಗೋಡೆಯೇ ಬೆವರುತ್ತದೆ. ಫ್ಲ್ಯಾಂಜಿನ ಅಂಟು ಹೈಡ್ರೋಕೊಲಾಯ್ಡ್, ಅಂದರೆ ಪೆಕ್ಟಿನ್, ಜೆಲಾಟಿನ್, ಸಿಎಂಸಿಯಂಥ ನೀರು ಹೀರುವ ಪುಡಿಗಳನ್ನು ಅಂಟಿನಲ್ಲಿ ಕಲಸಿದ್ದು. ತೇವ ಹೀರುವುದೇ ಅದರ ಕಸುಬು. ಪೊಟ್ಟಣ ಒಡೆದು ಇಟ್ಟರೆ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಅಷ್ಟೇ. ಬೆಚ್ಚಗಿರಲಿ ಅಂತ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಬಿಸಿಗೆ ಅಂಟು ಮೆತ್ತಗಾಗಿ ಹರಿಯುತ್ತದೆ. ಫ್ರಿಜ್ಜೂ ಬೇಡ. ರಸ್ತೆಗೆ ಮರ ಬಿದ್ದು ಬಸ್ಸು ನಿಂತರೆ ಪೇಟೆ ಸಿಗುವುದಿಲ್ಲ, ಹಾಗಾಗಿ ಒಂದು ತಿಂಗಳಿಗಾಗುವಷ್ಟು ಮೊದಲೇ ತರಿಸಿಟ್ಟುಕೊಳ್ಳಿ. ಎರಡು ಭಾಗದ ಬ್ಯಾಗಾದರೆ ಫ್ಲ್ಯಾಂಜೂ ಬ್ಯಾಗೂ ಒಂದೇ ಕಂಪನಿಯದ್ದು, ಒಂದೇ ಕಪ್ಲಿಂಗ್ (ಎರಡನ್ನೂ ಸೇರಿಸುವ ಬಳೆ) ಅಳತೆಯದ್ದು ಇರಬೇಕು. ಕಂಪನಿ ಬದಲಾದರೆ ಅಳತೆ ಹತ್ತಿರವಿದ್ದರೂ ಕೂರುವುದಿಲ್ಲ.

ಮೃಗಶಿರ

ಮಳೆ ಹಿಡಿಯಿತು, ಸೋರಿಕೆಯ ದೂರುಗಳೂ ಶುರುವಾದವು. ಸೋರಿದ ಕೂಡಲೇ ಜನ ಮಾಡುವುದು ಎರಡು: ಪೇಸ್ಟ್ ಜಾಸ್ತಿ ಹಾಕುತ್ತಾರೆ, ಇಲ್ಲವೇ ಸುತ್ತ ಟೇಪು ಹೊಡೆಯುತ್ತಾರೆ. ಟೇಪು ಸೋರಿಕೆಯನ್ನು ನಿಲ್ಲಿಸುವುದಿಲ್ಲ, ಒಳಗೇ ಕೂಡಿಹಾಕುತ್ತದೆ, ಅಷ್ಟೂ ಹೊತ್ತು ಚರ್ಮ ಬೇಯುತ್ತದೆ. ಸೋರಿದ ಫ್ಲ್ಯಾಂಜನ್ನು ಅದೇ ಗಂಟೆಯಲ್ಲಿ ಬಿಚ್ಚಲೇಬೇಕು. ಬಿಚ್ಚಿದ್ದನ್ನು ಎಸೆಯುವ ಮೊದಲು ಹಿಂಬದಿ ನೋಡಬೇಕು. ಇಡೀ ದಾಖಲೆಯಲ್ಲಿ ಒಂದೇ ವಿಷಯ ಇಟ್ಟುಕೊಳ್ಳುವುದಾದರೆ ನಾವು ಇದನ್ನೇ ಇಟ್ಟುಕೊಳ್ಳುತ್ತೇವೆ.

ಬಿಚ್ಚುವ ಮುಂಚೆ ಹೊರಮುಖದಲ್ಲಿ ತಲೆಯ ಕಡೆಗೆ ಬಾಲ್‌ಪೆನ್ನಿನಲ್ಲಿ 12 ಅಂತ ಬರೆಯಿರಿ. ಎದುರಿಗೆ ನಿಂತು ನೋಡುವವರಿಗೆ ತಲೆಯ ಕಡೆ 12, ಕಾಲಿನ ಕಡೆ 6, ರೋಗಿಯ ಎಡಗೈ ಕಡೆ 3. ಮಗುಚಿದಾಗ 3 ಮತ್ತು 9 ಅದಲುಬದಲಾಗುತ್ತವೆ, ಇದನ್ನು ಮರೆಯಬಾರದು. ಚೆನ್ನಾಗಿ ಕೂತಿದ್ದ ಫ್ಲ್ಯಾಂಜಿನ ಹಿಂಬದಿಯಲ್ಲಿ ತೂತಿನ ಸುತ್ತ ಮೂರು ನಾಲ್ಕು ಮಿ.ಮೀ. ಅಗಲಕ್ಕೆ ಅಂಟು ಬೆಳ್ಳಗೆ ಉಬ್ಬಿರುತ್ತದೆ, ಎಲ್ಲ ಕಡೆಗೂ ಒಂದೇ ಸಮ. ಉಳಿದದ್ದು ಹಾಕಿದಾಗಿನ ಬಣ್ಣದಲ್ಲೇ ಇರುತ್ತದೆ. ಅದು ತೊಂದರೆಯಲ್ಲ. ಬಿಳಿ ಪಟ್ಟಿ ಸುತ್ತಲೂ ಸಮನಾಗಿಯೇ ಒಂದು ಸೆಂ.ಮೀ.ವರೆಗೆ ಹರಡಿದ್ದರೆ ಅಂಟಿನ ಆಯಸ್ಸು ಮುಗಿದಿದೆ ಅಂತ ಅರ್ಥ: ನಾಲ್ಕು ದಿನದ ಬದಲು ಮೂರೇ ದಿನಕ್ಕೆ ಬದಲಿಸಿ, ಅಥವಾ ಹೆಚ್ಚು ದಿನ ತಾಳುವ ಅಂಟಿನ ಫ್ಲ್ಯಾಂಜಿಗೆ ಹೋಗಿ. ಒಂದೇ ದಿಕ್ಕಿನಲ್ಲಿ, 4 ಗಂಟೆಯ ಕಡೆಗೋ 8ರ ಕಡೆಗೋ, ಕಂದು ಬಣ್ಣದ ನಾಲಿಗೆ ಹೊರ ಅಂಚಿನವರೆಗೆ ಚಾಚಿದ್ದರೆ ಅಲ್ಲಿ ಹೊಟ್ಟೆಯಲ್ಲಿ ಮಡಿಕೆಯೋ ಹಳ್ಳವೋ ಇದೆ. ಆಗ ದಿನ ಕಡಿಮೆ ಮಾಡಿ ಪ್ರಯೋಜನವಿಲ್ಲ, ಆ ಹಳ್ಳ ತುಂಬಬೇಕು. ಪ್ರತಿ ಬದಲಾವಣೆಗೂ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟರೆ ಮೂರು ನಾಲ್ಕು ಸಲದಲ್ಲೇ ಸೋರುವ ದಿಕ್ಕು ಗಟ್ಟಿಯಾಗಿ ಗೊತ್ತಾಗುತ್ತದೆ.

ಆರಿದ್ರಾ

ಜಡಿಮಳೆ. ಟವೆಲ್ ಒಣಗುವುದಿಲ್ಲ, ಚರ್ಮವೂ ಒಣಗುವುದಿಲ್ಲ. ಈ ಹದಿನೈದು ದಿನ ಹಾಕುವ ಕ್ರಮವನ್ನು ತಿದ್ದಿದೆವು.

ಬೆಳಿಗ್ಗೆ ಕಾಫಿ ತಿಂಡಿಗೆ ಮೊದಲೇ ಬದಲಿಸುವುದು, ಆಗ ಕರುಳು ಸುಮ್ಮನಿರುತ್ತದೆ. ಬಿಚ್ಚುವಾಗ ಒಂದು ಕೈಯಲ್ಲಿ ಚರ್ಮ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮೇಲಿನಿಂದ ಕೆಳಕ್ಕೆ ನಿಧಾನ. ಉಗುರುಬೆಚ್ಚಗಿನ ನೀರು, ಮೆತ್ತನೆ ಬಟ್ಟೆ ಸಾಕು. ಸ್ಪಿರಿಟ್ಟು, ಡೆಟಾಲ್, ಕೆನೆ ಇರುವ ಸೋಪು, ಮಗುವಿಗೆ ಒರೆಸುವ ವೈಪ್ಸು ಯಾವುದೂ ಬೇಡ. ಕೊಬ್ಬರಿ ಎಣ್ಣೆಯಂತೂ ಖಂಡಿತ ಬೇಡ. ಉರಿ ಕಂಡರೆ ಎಣ್ಣೆ ಸವರುವುದು ನಮ್ಮ ಕಡೆ ಕೈಗೆ ಬಂದ ಅಭ್ಯಾಸ. ಎಣ್ಣೆ ಪಸೆಯ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ, ಆ ದಿನವೇ ಸೋರುತ್ತದೆ. ಒರೆಸುವಾಗ ಸ್ಟೋಮಾದಲ್ಲಿ ಒಂದೆರಡು ಹನಿ ರಕ್ತ ಜಿನುಗಿದರೆ ಗಾಬರಿ ಬೇಡ, ಒತ್ತಿ ಹಿಡಿದರೆ ನಿಲ್ಲುತ್ತದೆ.

ಒಣಗಿಸಲು ಕರೆಂಟಿದ್ದರೆ ಹೇರ್ ಡ್ರೈಯರಿನ ತಣ್ಣನೆ ಗಾಳಿ, ಇಲ್ಲದಿದ್ದರೆ ಹಾಳೆ ಬೀಸಣಿಗೆ. ಕೈಗೆ ಒಣಗಿದಂತೆ ಕಂಡ ಮೇಲೂ ಎರಡು ನಿಮಿಷ ಬೀಸಬೇಕು. ಹಾಗೆ ಬೀಸುವಾಗ ಫ್ಲ್ಯಾಂಜನ್ನು ಕಾಗದ ತೆಗೆಯದೆ ಕಂಕುಳಲ್ಲಿ ಇಟ್ಟುಕೊಂಡರೆ ಮೈಬಿಸಿಗೆ ಅಂಟು ಹದಕ್ಕೆ ಬರುತ್ತದೆ. ಮಳೆಗಾಲದ ಚಳಿಯಲ್ಲಿ ಡಬ್ಬಿಯಿಂದ ತೆಗೆದ ಕೂಡಲೇ ಹಾಕಿದರೆ ಅಂಟು ಗಡಸಾಗಿದ್ದು ಚರ್ಮದ ಗೆರೆಗಳಿಗೆ ಇಳಿಯುವುದಿಲ್ಲ. ಹಾಕಿದ ಮೇಲೆ ಮೊದಲು ತೂತಿನ ಸುತ್ತ, ಆಮೇಲೆ ಹೊರಕ್ಕೆ ಬೆರಳಲ್ಲಿ ಒತ್ತಿ, ಅಂಗೈ ಮುಚ್ಚಿ ಒಂದೆರಡು ನಿಮಿಷ ಹಿಡಿಯಿರಿ. ತಕ್ಷಣ ಬಗ್ಗಬಾರದು.

ರೋಮವಿದ್ದರೆ ಕತ್ತರಿಯಲ್ಲೋ ಟ್ರಿಮ್ಮರಿನಲ್ಲೋ ಗಿಡ್ಡ ಮಾಡಿ. ಬ್ಲೇಡು ಆಡಿಸಿದರೆ ರೋಮದ ಬುಡದಲ್ಲಿ ಸಣ್ಣ ಸಣ್ಣ ಕೀವುಗುಳ್ಳೆ ಏಳುತ್ತವೆ.

ಪುನರ್ವಸು

ಮಡಿಕೆಯ ಕೆಲಸ. ಮಲಗಿದಾಗ ಹೊಟ್ಟೆ ಎಲ್ಲರದ್ದೂ ಸಪಾಟು. ಕೂರಿಸಿ, ಮುಂದಕ್ಕೆ ಬಗ್ಗಿಸಿ, ಚಕ್ಕಳಮಕ್ಕಳ ಹಾಕಿಸಿ ನೋಡಿದಾಗಲೇ ಗೆರೆ ಎಲ್ಲಿ ಬೀಳುತ್ತದೆ ಅಂತ ಕಾಣುವುದು. ಅದು ಫೋಟೋದಲ್ಲಿನ ಕಂದು ನಾಲಿಗೆಯ ದಿಕ್ಕಿಗೇ ಬರುತ್ತದೆ.

ಪೇಸ್ಟ್ ಅಂಟಲ್ಲ, ಗಾರೆ. ಸಂದು ತುಂಬಲಿಕ್ಕೆ ಇರುವುದು. ಫ್ಲ್ಯಾಂಜಿನಡಿ ಪೂರಾ ಬಳಿದರೆ ಅಂಟಿಗೂ ಚರ್ಮಕ್ಕೂ ನಡುವೆ ಜಾರುವ ಪದರವಾಗಿ ಬೇಗ ಕಿತ್ತು ಬರುತ್ತದೆ. ತೂತಿನ ಅಂಚಿಗೆ ಒಂದು ತೆಳು ಎಳೆ, ಮಡಿಕೆ ಇರುವಲ್ಲಿ ಅದರ ಉದ್ದಕ್ಕೆ ಇನ್ನೊಂದು ಎಳೆ, ಒದ್ದೆ ಬೆರಳಲ್ಲಿ ಸಮ ಮಾಡಿ, ಸುಮಾರು ಒಂದು ನಿಮಿಷ ಆರಲು ಬಿಡಿ. ಹೆಚ್ಚಿನ ಪೇಸ್ಟುಗಳಲ್ಲಿ ಆಲ್ಕೋಹಾಲ್ ಇರುತ್ತದೆ. ಸವೆದ ಚರ್ಮಕ್ಕೆ ತಾಗಿದರೆ ಬೆಂಕಿ ಇಟ್ಟ ಹಾಗಾಗುತ್ತದೆ. ಅಂಥವರಿಗೆ ಆಲ್ಕೋಹಾಲ್ ಇಲ್ಲದ ಬ್ಯಾರಿಯರ್ ರಿಂಗ್, ಅಂದರೆ ಮೆತ್ತನೆ ಅಂಟಿನ ಬಳೆ, ಒಳ್ಳೆಯದು. ರಿಂಗನ್ನು ಎಳೆದು ಹಿಗ್ಗಿಸಬಹುದು, ತುಂಡು ಮಾಡಿ ಹಳ್ಳಕ್ಕಷ್ಟೇ ತುಂಬಬಹುದು. ಇಲಿಯಾಸ್ಟಮಿಯ ತೆಳು ಹರಿವಿಗೆ ಪೇಸ್ಟಿಗಿಂತ ಅದೇ ಹೆಚ್ಚು ತಾಳುತ್ತದೆ ಅನ್ನುವುದು ನಮ್ಮ ಅಭಿಪ್ರಾಯ.

ಸ್ಟೋಮಾ ಚರ್ಮದ ಮಟ್ಟಕ್ಕೇ ಇದ್ದರೆ, ಒಳಕ್ಕೆ ಸರಿದಿದ್ದರೆ, ಎಷ್ಟು ತುಂಬಿದರೂ ಸಾಲದು. ಉಬ್ಬು ಇರುವ ಕಾನ್ವೆಕ್ಸ್ ಫ್ಲ್ಯಾಂಜ್ ಬೇಕು, ಅದು ಸುತ್ತಲಿನ ಚರ್ಮವನ್ನು ಒತ್ತಿ ಸ್ಟೋಮಾದ ಬಾಯನ್ನು ಬ್ಯಾಗಿನೊಳಕ್ಕೆ ಚಾಚುವಂತೆ ಮಾಡುತ್ತದೆ. ಇದನ್ನು ಸ್ಟೋಮಾ ನರ್ಸ್ ಅಥವಾ ಸರ್ಜನ್ ನೋಡಿಯೇ ಆರಿಸಲಿ. ತಪ್ಪು ಜಾಗಕ್ಕೆ ಒತ್ತಿದರೆ ಚರ್ಮ ಹುಣ್ಣಾಗುತ್ತದೆ, ಹರ್ನಿಯಾ ಇದ್ದವರಿಗಂತೂ ಇನ್ನೂ ಜಾಗ್ರತೆ ಬೇಕು. ಬೆಲ್ಟು ಹಾಕಿದರೆ ಸ್ಟೋಮಾದ ಮಟ್ಟಕ್ಕೇ ಸುತ್ತು ಬರಬೇಕು, ಎರಡು ಬೆರಳು ತೂರುವಷ್ಟು ಸಡಿಲವಿರಬೇಕು. ಸೊಂಟಕ್ಕೆ ಜಾರಿದ ಬೆಲ್ಟು ಫ್ಲ್ಯಾಂಜನ್ನು ಕೆಳಕ್ಕೆ ಎಳೆದು 12ರ ಕಡೆ ಎಬ್ಬಿಸುತ್ತದೆ. ಪಂಚೆಯ ಕಟ್ಟು, ಸೀರೆಯ ನೆರಿಗೆ ಸ್ಟೋಮಾದ ಮೇಲೇ ಬರುತ್ತಿದ್ದರೂ ಹರಿವು ಕೆಳಗಿಳಿಯದೆ ಅಂಟಿನಡಿಗೆ ನುಗ್ಗುತ್ತದೆ. ಕಟ್ಟನ್ನು ಮೇಲಕ್ಕೋ ಕೆಳಕ್ಕೋ ಸರಿಸಿ.

ಪುಷ್ಯ

ಚರ್ಮ ಕೆಟ್ಟಾಗ ಮೊದಲು ಕೆಂಪಿನ ಆಕಾರ ನೋಡಿ. ತೂತಿಗೆ ತಾಗಿಕೊಂಡು ಅಥವಾ ಸೋರಿದ ದಾರಿಯಲ್ಲಿ ಕೆಂಪಗೆ ಜಿನುಗುತ್ತಿದ್ದರೆ ಅದು ಹರಿವು ತಾಗಿ ಆದದ್ದು. ಫ್ಲ್ಯಾಂಜಿನದೇ ಆಕಾರದಲ್ಲಿ, ಗೆರೆ ಎಳೆದಂತೆ ಕೆಂಪಾಗಿದ್ದರೆ ಆ ವಸ್ತುವಿಗೇ ಅಲರ್ಜಿ ಇರಬಹುದು. ಬೇರೆ ಕಂಪನಿಯದ್ದು ನೋಡಬೇಕು. ಕೆಂಪು ತೇಪೆಯ ಹೊರಗೆ ಬಿಡಿ ಬಿಡಿ ಚುಕ್ಕೆ, ಜತೆಗೆ ಜೋರು ತುರಿಕೆ ಇದ್ದರೆ ಬೂಷ್ಟು, ಕ್ಯಾಂಡಿಡಾ. ಮಳೆಗಾಲದಲ್ಲಿ ನಮಗೆ ಹೆಚ್ಚು ಕಾಡುವುದು ಇದೇ. ಇದಕ್ಕೆ ಡಾಕ್ಟರನ್ನು ಕೇಳಿ ಕ್ಲೋಟ್ರಿಮಜೋಲ್ ಪೌಡರ್ ಬರೆಸಿಕೊಳ್ಳಿ. ಮುಲಾಮು ಬೇಡ, ಜಿಡ್ಡಿಗೆ ಅಂಟು ನಿಲ್ಲದು. ಬ್ಯಾಗಿನ ಹಿಂದಿನ ಬಟ್ಟೆ ಸ್ನಾನದ ನಂತರ ಹಸಿಯಾಗಿ ಉಳಿದರೂ ಇದು ಬರುತ್ತದೆ, ಒರೆಸಿ ಒಣಗಿಸಿ.

ಸವೆದು ಜಿನುಗುವ ಚರ್ಮಕ್ಕೆ ಪದರ ಕಟ್ಟುವ ವಿಧಾನ: ಜಿನುಗುವ ಜಾಗಕ್ಕೆ ಸ್ಟೋಮಾ ಪೌಡರ್ ಉದುರಿಸಿ. ಅದು ತೇವ ಹಿಡಿದು ಕೂತ ಮೇಲೆ, ಹೆಚ್ಚಾದದ್ದನ್ನು ಪೂರ್ತಿ ಕೊಡವಿ. ಮೇಲೆ ಆಲ್ಕೋಹಾಲ್ ಇಲ್ಲದ ಬ್ಯಾರಿಯರ್ ಫಿಲ್ಮನ್ನು (ಒಣಗಿದರೆ ತೆಳು ಪೊರೆಯಾಗುವ ದ್ರವ) ಒತ್ತಿ ಒತ್ತಿ ಹಚ್ಚಿ, ಉಜ್ಜಬೇಡಿ. ಒಣಗಲು ಬಿಡಿ. ಇದನ್ನೇ ಎರಡು ಮೂರು ಸಲ ಮಾಡಿದರೆ ಒಣ ಪೊರೆ ಕಟ್ಟುತ್ತದೆ, ಅದರ ಮೇಲೆ ಫ್ಲ್ಯಾಂಜ್ ಹಿಡಿಯುತ್ತದೆ. ಸಡಿಲ ಪುಡಿ ಉಳಿದರೆ ಅಂಟು ಪುಡಿಗೆ ಹಿಡಿಯುತ್ತದೆಯೇ ಹೊರತು ಚರ್ಮಕ್ಕಲ್ಲ. ಚರ್ಮ ವಾಸಿಯಾದ ಮೇಲೆ ಪೌಡರ್ ನಿಲ್ಲಿಸಬೇಕು. ಟಾಲ್ಕಂ ಪೌಡರ್ ಇದರ ಬದಲಿಯಲ್ಲ. ಇಂದಿನ ಪೌಡರುಗಳಿಗೆ ಮುಂಚೆ, 1950ರ ದಶಕದಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಸರ್ಜನ್ ರೂಪರ್ಟ್ ಟರ್ನ್‌ಬುಲ್ ಈ ಕೆಲಸಕ್ಕೆ ಬಳಸಿದ್ದು ಕರಾಯ ಗೋಂದು. ಅದು ಭಾರತದ ಕಾಡುಗಳಲ್ಲೇ ಬೆಳೆಯುವ ಮರದ ಅಂಟು.

ಆಳವಾದ ಹುಣ್ಣಾಗಿ ಅದರ ಅಂಚು ನೇರಳೆ ಬಣ್ಣಕ್ಕೆ ತಿರುಗಿದರೆ, ಸ್ಟೋಮಾ ಕಪ್ಪು ಅಥವಾ ಕಡುನೇರಳೆಯಾದರೆ, ರಕ್ತ ನಿಲ್ಲದಿದ್ದರೆ, ಇಲಿಯಾಸ್ಟಮಿಯಲ್ಲಿ ನಾಲ್ಕಾರು ಗಂಟೆ ಏನೂ ಬರದೆ ಹೊಟ್ಟೆ ಹಿಂಡಿ ವಾಂತಿಯಾದರೆ ಮನೆಮದ್ದು ಬಿಟ್ಟು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಾಗಲಿ, ಘಾಟಿ ಇಳಿದು ಮಣಿಪಾಲವಾಗಲಿ, ಹತ್ತಿರವಾದ ಕಡೆಗೆ ಹೊರಡಿ.

ಆಶ್ಲೇಷ

ಬ್ಯಾಗಿನ ಭಾರ. ಮೂರನೇ ಒಂದು ಪಾಲು ತುಂಬಿದಾಗಲೇ ಖಾಲಿ ಮಾಡಬೇಕು; ಅರ್ಧ ದಾಟಿದರೆ ಭಾರಕ್ಕೆ ಫ್ಲ್ಯಾಂಜ್ ಕೆಳಕ್ಕೆ ಜಗ್ಗುತ್ತದೆ. ಮಲಗುವ ಮುಂಚೆ ಒಮ್ಮೆ, ರಾತ್ರಿ ಎಚ್ಚರವಾದಾಗ ಒಮ್ಮೆ ಖಾಲಿ ಮಾಡಿ, ಊಟ ಏಳು ಗಂಟೆಯೊಳಗೆ ಮುಗಿಸಿದರೆ ರಾತ್ರಿಯ ಸೋರಿಕೆ ಬಹಳ ಕಡಿಮೆಯಾಗುತ್ತದೆ.

ಹರಿವು ಗಟ್ಟಿಯಾಗಲು ಬಿಳಿ ಅನ್ನ, ಗಂಜಿ, ಬಾಳೆಹಣ್ಣು. ಮಳೆಗಾಲದ ನಮ್ಮ ರುಚಿಗಳಲ್ಲಿ ಕಳಲೆ, ಅಣಬೆ, ಹಲಸಿನ ತೊಳೆ ನಾರಿನವು, ಇಲಿಯಾಸ್ಟಮಿಯಲ್ಲಿ ಸಿಕ್ಕಿಕೊಳ್ಳಬಹುದು; ಕಾಯಿತುರಿಯನ್ನು ನುಣ್ಣಗೆ ರುಬ್ಬಿದರೆ ಸರಿ. ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ಹೋಗುತ್ತಿದ್ದರೆ ಬರಿ ನೀರು ಕುಡಿಸುತ್ತಾ ಹೋಗಬೇಡಿ, ಉಪ್ಪು ಇನ್ನಷ್ಟು ಕಳೆದುಹೋಗುತ್ತದೆ. ಓಆರ್‌ಎಸ್ ಕೊಟ್ಟು ಡಾಕ್ಟರಿಗೆ ತಿಳಿಸಿ.

ಕೊಲಾಸ್ಟಮಿಯದು, ಅಂದರೆ ದೊಡ್ಡ ಕರುಳಿನ ಸ್ಟೋಮಾದ್ದು, ಉಲ್ಟಾ ತೊಂದರೆ. ಗಟ್ಟಿ ಮಲ ಕೆಳಗಿಳಿಯದೆ ಬಾಯಲ್ಲೇ ಕೂತು ಫ್ಲ್ಯಾಂಜಿನಡಿ ನುಗ್ಗುತ್ತದೆ. ಬ್ಯಾಗಿನ ಎರಡು ಪದರ ಅಂಟಿಕೊಳ್ಳದಂತೆ ಹಾಕುವ ಮುಂಚೆ ಒಳಗೆ ಸ್ವಲ್ಪ ಗಾಳಿ ಬಿಡಿ, ಗಾಳಿ ಹೋಗುವ ಫಿಲ್ಟರಿಗೆ ಜತೆಗೆ ಬರುವ ಸ್ಟಿಕ್ಕರ್ ಹಚ್ಚಿ, ಬ್ಯಾಗಿನೊಳಕ್ಕೆ ಹಾಕುವ ಜಾರಿಕೆ ದ್ರವ ಸಿಕ್ಕರೆ ಬಳಸಿ.

ಮುಂದಿನದು

ಅಕ್ಟೋಬರಿನಿಂದ ಅಡಿಕೆ ಸುಗ್ಗಿ. ಸುಲಿಯಲು ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಬಗ್ಗಿ ಕೂರುವ ಕೆಲಸ, ಮಡಿಕೆ ಇನ್ನೂ ಆಳವಾಗಿ ಬೀಳುತ್ತದೆ. ಸುಲಿಯುವವರನ್ನು ಅದೇ ಭಂಗಿಯಲ್ಲಿ ಕೂರಿಸಿ ಮಡಿಕೆಯ ಗುರುತು ಹಾಕಿ ರಿಂಗಿನ ತುಂಡು ಎಲ್ಲಿ ಬೇಕು ಅಂತ ಈಗಲೇ ಗೊತ್ತುಮಾಡುತ್ತಿದ್ದೇವೆ. ಮಳೆಗಾಲದಲ್ಲಿ ತೂಕ ಹೆಚ್ಚುಕಡಿಮೆ ಆದವರ ಪ್ಲಾಸ್ಟಿಕ್ ಅಳತೆಯನ್ನೂ ಆಗಲೇ ಹೊಸದಾಗಿ ತೆಗೆಯಬೇಕು. ಭಾರದ ಗೊನೆ ಹೊರುವುದು ಮಾತ್ರ ಯಾರಿಗೂ ಬೇಡ.