ಕಮೀಲಿಯಾ ಗಿಡವನ್ನು ಕೊಲ್ಲುವುದು ಬರೀ ಚಳಿ ಅಲ್ಲ

ನರ್ಸರಿಯಲ್ಲಿ ಕಮೀಲಿಯಾ ಅನ್ನುವ ಹೂವಿನ ಗಿಡಕ್ಕೆ ಒಂದು ಪ್ಲಾಸ್ಟಿಕ್ ಚೀಟಿ ನೇತುಹಾಕಿರುತ್ತಾರೆ. "ಝೋನ್ 7ರಿಂದ 9" ಅಂತ ಅದರಲ್ಲಿ ಬರೆದಿರುತ್ತದೆ. ಜನ ಅದನ್ನು ಓದಿ, ಫೋನಿನಲ್ಲಿ ತಮ್ಮ ಜಿಪ್ ಕೋಡ್ ಹಾಕಿ ನೋಡಿ, ಓಹೋ ನಮ್ಮದೂ 7 ಅಂದುಕೊಂಡು ಗಿಡವನ್ನು ಡಿಕ್ಕಿಗೆ ಹಾಕಿಕೊಂಡು ಬರುತ್ತಾರೆ. ಏಪ್ರಿಲ್ ಹೊತ್ತಿಗೆ ಕಂದು ಎಲೆಯ ಫೋಟೋ ವಾಟ್ಸಾಪ್ ಗ್ರೂಪಿಗೆ ಬಂದು ಬೀಳುತ್ತದೆ, ಯಾಕೆ ಹೀಗಾಯಿತು ಅಂತ. ಇಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ನಮ್ಮ ಕನ್ನಡದವರ ಗ್ರೂಪಿನಲ್ಲಿ ಇದು ವರ್ಷಾವರ್ಷ ನಡೆಯುವ ಕಥೆ. ಪ್ರತಿ ಸಲ ಅದೇ ಉತ್ತರ ಟೈಪ್ ಮಾಡಿ ಸಾಕಾಗಿದೆ, ಅದಕ್ಕೇ ಇದು.

ಮೊದಲು ಆ ಝೋನ್ ನಂಬರಿನ ವಿಷಯ. ಅದು ಅಮೆರಿಕದ ಕೃಷಿ ಇಲಾಖೆ ಮಾಡುವ ನಕ್ಷೆ. ಒಂದು ಊರಿನಲ್ಲಿ ಪ್ರತಿ ವರ್ಷದ ಅತಿ ಕಡಿಮೆ ತಾಪಮಾನ ಎಷ್ಟು ಅಂತ ತೆಗೆದುಕೊಂಡು, 30 ವರ್ಷದ ಸರಾಸರಿ ಹಾಕುತ್ತಾರೆ. 7ಎ, ಅಂದರೆ ಝೋನ್ 7ರಲ್ಲಿ ಚಳಿ ಜಾಸ್ತಿ ಇರುವ ಅರ್ಧ, ಅಲ್ಲಿ ಆ ಸರಾಸರಿ 0ಯಿಂದ 5 ಡಿಗ್ರಿ ಫ್ಯಾರನ್‌ಹೀಟ್, ಸೆಲ್ಸಿಯಸ್ ಲೆಕ್ಕದಲ್ಲಿ ಸುಮಾರು ಮೈನಸ್ 18ರಿಂದ ಮೈನಸ್ 15. ಸರಾಸರಿ ಅಂದಮೇಲೆ ಕೆಲವು ವರ್ಷ ಅದಕ್ಕಿಂತ ಕೆಳಗೂ ಹೋಗಿರುತ್ತದೆ, ಅಲ್ವಾ? ಗಿಡಕ್ಕೆ ಸರಾಸರಿ ಗೊತ್ತಿಲ್ಲ. 2023ರ ಹೊಸ ನಕ್ಷೆಯಲ್ಲಿ ದೇಶದ ಸುಮಾರು ಅರ್ಧ ಭಾಗ ಅರ್ಧ ಝೋನಿನಷ್ಟು ಬೆಚ್ಚಗಾಯಿತು ಅಂತ ಬಂದಾಗ ಎಷ್ಟೋ ಜನ ಖುಷಿಪಟ್ಟರು. ಆದರೆ ಚಳಿ ಯಾವ ತಿಂಗಳು ಬಂತು, ಎಷ್ಟು ಬೇಗ ಇಳಿಯಿತು, ಜೊತೆಗೆ ಗಾಳಿ ಇತ್ತಾ, ನೆಲದ ಮೇಲೆ ಹಿಮ ಇತ್ತಾ ಅನ್ನುವುದು ಆ ನಂಬರಿನಲ್ಲಿ ಇಲ್ಲ. ಕಮೀಲಿಯಾ ಬದುಕುವುದು ಸಾಯುವುದು ಜಾಸ್ತಿ ನಿಂತಿರುವುದು ಇವುಗಳ ಮೇಲೇ.

ಮೇಪಲ್ ಮರ ಎಲೆ ಉದುರಿಸಿ, ಅಂಗಡಿ ಬಾಗಿಲು ಹಾಕಿದ ಹಾಗೆ ಎಲ್ಲ ಮುಚ್ಚಿಕೊಂಡು ಚಳಿಗಾಲ ಕಳೆಯುತ್ತದೆ. ಕಮೀಲಿಯಾಗೆ ಆ ಸೌಕರ್ಯ ಇಲ್ಲ. ಅದು ವರ್ಷಪೂರ್ತಿ ಹಸಿರು. ದಪ್ಪ ಹೊಳೆಯುವ ಎಲೆಗಳನ್ನು ಇಟ್ಟುಕೊಂಡೇ ಜನವರಿ ದಾಟಬೇಕು. ಬಿಸಿಲು ಬಿದ್ದರೆ, ಗಾಳಿ ಬೀಸಿದರೆ ಎಲೆಯಿಂದ ನೀರು ಆರುತ್ತಲೇ ಇರುತ್ತದೆ. ಬುಡದ ಮಣ್ಣು ಹೆಪ್ಪುಗಟ್ಟಿದ್ದರೆ ಬೇರಿನಿಂದ ಮೇಲಕ್ಕೆ ನೀರು ಬರುವುದಿಲ್ಲ. ಆಗ ಗಿಡ ಒಣಗುತ್ತದೆ. ನಾವು ಚಳಿಗೆ ಸತ್ತಿತು ಅನ್ನುತ್ತೇವೆ, ನಿಜವಾಗಿ ಎಷ್ಟೋ ಗಿಡ ಸಾಯುವುದು ಬಾಯಾರಿ.

ಇನ್ನೊಂದು ವಿಷಯ ಗಿಡ ಚಳಿಗೆ ಹದವಾಗುವುದು. ಹಗಲು ಚಿಕ್ಕದಾಗುತ್ತಾ ರಾತ್ರಿ ತಣ್ಣಗಾಗುತ್ತಾ ಬಂದ ಹಾಗೆ ಗಿಡ ಬೆಳೆಯುವುದನ್ನು ನಿಲ್ಲಿಸುತ್ತದೆ, ಜೀವಕೋಶಗಳಲ್ಲಿ ಸಕ್ಕರೆ ಏರಿಸಿಕೊಳ್ಳುತ್ತದೆ. ಮಂಜುಗಡ್ಡೆ ಕೋಶದ ಹೊರಗೆ ಕಟ್ಟಿದರೆ ಪರವಾಗಿಲ್ಲ, ಒಳಗೆ ಕಟ್ಟಿದರೆ ಆ ಕೋಶದ ಕಥೆ ಮುಗಿಯಿತು. ಈ ತಯಾರಿಗೆ ವಾರಗಟ್ಟಲೆ ಬೇಕು. ಅದಕ್ಕೇ ಅದೇ ಗಿಡ ಜನವರಿಯಲ್ಲಿ ಆರಾಮಾಗಿ ತಡೆಯುವ ಚಳಿಯನ್ನು ಅಕ್ಟೋಬರ್‌ನಲ್ಲಿ ತಡೆಯುವುದಿಲ್ಲ. 2022ರ ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್‌ಗೆ ಮುಂಚೆ ಒಂದೇ ದಿನದಲ್ಲಿ ತಾಪಮಾನ ಧಡಕ್ಕನೆ ಬಿದ್ದಿತ್ತಲ್ಲ, ಆಮೇಲೆ ಪೂರ್ವದ ರಾಜ್ಯಗಳಲ್ಲಿ ಎಷ್ಟೊಂದು ಹಸಿರು ಪೊದೆಗಳು ಕಂದಾದವು. ಬೀಳುವ ವೇಗವೇ ಅಲ್ಲಿ ಏಟು ಕೊಟ್ಟಿದ್ದು.

ನಮ್ಮ ಈ ಭಾಗದ ಕಮೀಲಿಯಾ ಕಥೆ ಶುರುವಾಗುವುದೇ ಇಂಥ ಒಂದು ಹಾನಿಯಿಂದ. ವಾಷಿಂಗ್ಟನ್‌ನ ನ್ಯಾಷನಲ್ ಆರ್ಬೊರೇಟಂ ಅನ್ನುವ ಸಸ್ಯೋದ್ಯಾನದಲ್ಲಿ ನೂರಾರು ಕಮೀಲಿಯಾ ಗಿಡಗಳಿದ್ದವು, ದಶಕಗಳಿಂದ ಬೆಳೆದವು. 1970ರ ದಶಕದ ಕೊನೆಯ ಕೆಟ್ಟ ಚಳಿಗಾಲಗಳು ಒಂದರ ಹಿಂದೊಂದು ಬಂದು ಹೆಚ್ಚುಕಡಿಮೆ ಎಲ್ಲವನ್ನೂ ಮುಗಿಸಿದವು. ಆದರೆ ಏನೂ ಆಗದ ಹಾಗೆ ನಿಂತಿದ್ದ ಒಂದು ಗಿಡವಿತ್ತು. ಅದು ಒಲಿಫೆರಾ ಜಾತಿಯದು, 'ಲು ಶಾನ್ ಸ್ನೋ' ಅಂತ ಹೆಸರು. ಚೀನಾದಲ್ಲಿ ಆ ಜಾತಿಯ ಬೀಜದಿಂದ ಅಡುಗೆ ಎಣ್ಣೆ ತೆಗೆಯುತ್ತಾರೆ. ಹೂವು ಬಿಳಿ, ಸಾದಾ. ನೋಡಿದರೆ ಯಾರೂ ದುಡ್ಡು ಕೊಟ್ಟು ಕೊಳ್ಳುವಂಥದ್ದಲ್ಲ! ಅಲ್ಲಿದ್ದ ವಿಲಿಯಂ ಆಕರ್ಮನ್ ಅನ್ನುವ ವಿಜ್ಞಾನಿ ಅದನ್ನೇ ಹಿಡಿದು, ಚೆಂದದ ಹೂವಿನ ಸಸಾಂಕ್ವಾ ಮುಂತಾದ ಜಾತಿಗಳ ಜೊತೆ ತಳಿ ಕೂಡಿಸಿದರು. ಇವತ್ತು ನರ್ಸರಿಯಲ್ಲಿ 'ವಿಂಟರ್ಸ್ ಸ್ಟಾರ್', 'ವಿಂಟರ್ಸ್ ರೋಸ್', 'ಪೋಲಾರ್ ಐಸ್', 'ಸ್ನೋ ಫ್ಲರಿ' ಅಂತೆಲ್ಲ ಸಿಗುತ್ತವಲ್ಲ, ಅವು ಅವರ ಕೆಲಸ. ಝೋನ್ 6ರಲ್ಲೂ ಒಳ್ಳೆ ಜಾಗ ನೋಡಿ ನೆಟ್ಟರೆ ಬದುಕುತ್ತವೆ.

ಇನ್ನೊಂದು ದಾರಿ ಕೊರಿಯಾದ್ದು. ಕಮೀಲಿಯಾದ ಜಪೋನಿಕಾ ಜಾತಿ ಕೊರಿಯಾದಲ್ಲಿ ತಾನಾಗಿ ಬೆಳೆಯುವ ಉತ್ತರದ ತುದಿ ಅಂದರೆ ಅಲ್ಲಿನ ಪಶ್ಚಿಮ ಕರಾವಳಿಯ ಆಚೆ ಇರುವ ದೇಚೊಂಗ್ ದ್ವೀಪ. ಆ ಕಡೆಯ ದ್ವೀಪಗಳಿಂದ 1984ರಲ್ಲಿ ಅಮೆರಿಕದ ಸಸ್ಯತಜ್ಞರು ಬೀಜ ತಂದರು. 'ಕೊರಿಯನ್ ಫೈರ್' ಆ ಮೂಲದ್ದು. ಕೆಂಪು, ಒಂದೇ ಸುತ್ತಿನ ಹೂವು. ನನಗೆ ದೊಡ್ಡ ದೊಡ್ಡ ಮುದ್ದೆ ಹೂವಿಗಿಂತ ಇದೇ ಇಷ್ಟ.

ನಮ್ಮಮ್ಮ ಸಕಲೇಶಪುರದ ಕಡೆಯವರು. ಇಲ್ಲಿಗೆ ಬಂದಾಗ ಹಿತ್ತಲಲ್ಲಿ ಬಿಳಿ ಹೂವು, ಮಧ್ಯದಲ್ಲಿ ಹಳದಿ ಕೇಸರ ನೋಡಿ ನಿಂತುಬಿಟ್ಟರು. "ಇದು ಟೀ ಗಿಡ ಅಲ್ವೇನೋ? ಕಾಡುಮನೆ ಎಸ್ಟೇಟಲ್ಲಿ ಇಂಥದ್ದೇ ಹೂವು ನೋಡಿದೀನಿ." "ಹೌದಮ್ಮಾ, ಅದರದೇ ಕುಲ." "ಮತ್ತೆ ಎಲೆ ಯಾಕೆ ಕೀಳಲ್ಲ ನೀನು?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ ಬಿಡಿ. ಆದರೆ ಟೀ ತೋಟದವರಿಗೆ ಈ ಸಮಸ್ಯೆ ಚೆನ್ನಾಗಿ ಗೊತ್ತು. ಮುನ್ನಾರ್, ಊಟಿ ಕಡೆ ಜನವರಿಯಲ್ಲಿ ಇಬ್ಬನಿ ಹೆಪ್ಪುಗಟ್ಟಿದ ರಾತ್ರಿಯ ನಂತರ ಸೂರ್ಯ ಮೇಲೆ ಬಂದ ಮೇಲೆ ಟೀ ಎಲೆ ಸುಟ್ಟ ಹಾಗೆ ಕಪ್ಪಾಗುತ್ತದೆ.

ಅದಕ್ಕೇ ಜಾಗದ ವಿಷಯದಲ್ಲಿ ನಾನು ಸ್ವಲ್ಪ ಹಟ ಹಿಡಿಯುತ್ತೇನೆ. ಎಲ್ಲರೂ ಬೆಚ್ಚಗಿರಲಿ ಅಂತ ದಕ್ಷಿಣದ ಗೋಡೆ ಪಕ್ಕ ನೆಡುತ್ತಾರೆ. ಬೇಡ. ಫೆಬ್ರವರಿಯ ಬಿಸಿಲಿಗೆ ಆ ಗೋಡೆ ಕಾಯ್ದು, ಗಿಡ ವಸಂತ ಬಂತು ಅಂದುಕೊಂಡು ಹದ ಕಳೆದುಕೊಳ್ಳುತ್ತದೆ, ಮುಂದಿನ ವಾರ ಮತ್ತೆ ಚಳಿ ಬರುತ್ತದೆ. ಪೂರ್ವ ದಿಕ್ಕೂ ಕಷ್ಟವೇ, ಹೆಪ್ಪುಗಟ್ಟಿದ ಎಲೆ ಮೊಗ್ಗುಗಳ ಮೇಲೆ ಬೆಳಗಿನ ಬಿಸಿಲು ನೇರವಾಗಿ ಬೀಳುತ್ತದೆ. ಮನೆಯ ಉತ್ತರದ ಬದಿ ಅಥವಾ ಎತ್ತರದ ಪೈನ್ ಮರದ ನೆರಳು, ವಾಯವ್ಯದ ಗಾಳಿಗೆ ಏನಾದರೂ ಅಡ್ಡ. ಇಷ್ಟಿದ್ದರೆ ಅರ್ಧ ಕೆಲಸ ಆಯಿತು.

ನೆಡುವುದು ಏಪ್ರಿಲ್, ಮೇ ತಿಂಗಳಲ್ಲಿ. ಸೆಪ್ಟೆಂಬರ್ ಸೇಲ್‌ನಲ್ಲಿ ಅರ್ಧ ಬೆಲೆಗೆ ಸಿಕ್ಕಿದರೂ ಬೇಡ, ಬೇರು ಹರಡಲು ಸಮಯ ಸಿಗುವುದಿಲ್ಲ. ಜುಲೈ ಆದಮೇಲೆ ಗೊಬ್ಬರ ಹಾಕಬೇಡಿ, ಎಳೆ ಚಿಗುರು ಬಂದು ಅದೇ ಮೊದಲು ಸುಡುತ್ತದೆ. ನೆಲ ಹೆಪ್ಪುಗಟ್ಟುವ ಮುಂಚೆ, ನವೆಂಬರ್‌ನಲ್ಲಿ, ಚೆನ್ನಾಗಿ ನೀರು ಕುಡಿಸಿ. ಇದನ್ನು ಯಾರೂ ಮಾಡುವುದಿಲ್ಲ, ಪೈಪ್ ಸುತ್ತಿ ಗರಾಜಿಗೆ ಇಟ್ಟುಬಿಟ್ಟಿರುತ್ತಾರೆ. ಬುಡಕ್ಕೆ ಪೈನ್ ಸೂಜಿ ಹರಡಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಸುತ್ತ ನಾಲ್ಕು ಕೋಲು ನೆಟ್ಟು ಗೋಣಿತಟ್ಟು ಕಟ್ಟಿದರೆ ಗಾಳಿ ತಡೆಯುತ್ತದೆ, ಜಿಂಕೆಯನ್ನೂ ತಡೆಯುತ್ತದೆ. ಜಿಂಕೆಗಳಿಗೆ ಈ ಎಲೆ ಮೊಗ್ಗು ಎರಡೂ ಇಷ್ಟ, ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಹಾಳೆ ಸುತ್ತಬೇಡಿ, ಹಗಲು ಒಳಗೆ ಬೆಂದು ರಾತ್ರಿ ಮರಗಟ್ಟುತ್ತದೆ. ಪಾಟಿನಲ್ಲಿದ್ದರೆ ಇನ್ನೂ ಹುಷಾರು, ಬೇರು ಕೊಂಬೆಯಷ್ಟು ಚಳಿ ತಡೆಯುವುದಿಲ್ಲ. ಬಿಸಿ ಇಲ್ಲದ ಗರಾಜಿನೊಳಗೆ ಇಡಿ.

ಮೊಗ್ಗಿನ ಲೆಕ್ಕ ಬೇರೆ. ಎಲೆ, ಕೊಂಬೆ ತಡೆಯುವ ಚಳಿಯನ್ನು ಹೂಮೊಗ್ಗು ತಡೆಯುವುದಿಲ್ಲ. ಹಾಗಾಗಿ ಗಿಡ ಹಸಿರಾಗಿದ್ದು ಒಂದೂ ಹೂ ಬಿಡದಿರಬಹುದು. ಜಾರ್ಜಿಯಾದಲ್ಲಿರುವ ನೆಂಟರ ಮನೆಯಲ್ಲಿ ಜನವರಿಯಲ್ಲಿ ಅರಳುವುದನ್ನು ನೋಡಿ ಅದೇ ತಳಿ ತಂದರೆ ಇಲ್ಲಿ ಸುಮ್ನೆ ಕಂದು ಮೊಗ್ಗು ಎಣಿಸುತ್ತಾ ಕೂರಬೇಕು. ಒಂದೋ ಅಕ್ಟೋಬರ್, ನವೆಂಬರ್‌ನಲ್ಲೇ ಅರಳುವುದನ್ನು ಕೊಳ್ಳಿ, ಆಕರ್ಮನ್ ತಳಿಗಳು ಹಾಗೆಯೇ. ಇಲ್ಲವೇ ವಸಂತದವರೆಗೆ ಮೊಗ್ಗು ಬಿಗಿಯಾಗಿ ಮುಚ್ಚಿಕೊಂಡಿರುವುದು. ನಾರ್ತ್ ಕ್ಯಾರೊಲೈನಾದ ಚಾಪೆಲ್ ಹಿಲ್‌ನಲ್ಲಿ ಕ್ಲಿಫರ್ಡ್ ಪಾರ್ಕ್ಸ್ ಮಾಡಿದ 'ಏಪ್ರಿಲ್' ಸಾಲಿನವು ಅಂಥವು, 'ಏಪ್ರಿಲ್ ಸ್ನೋ', 'ಏಪ್ರಿಲ್ ಬ್ಲಷ್' ಹೀಗೆ. ನನ್ನ ಓಟು ಮೊದಲನೆಯದಕ್ಕೆ. ದೀಪಾವಳಿ ಹೊತ್ತಿಗೆ ಹೂವಿರುತ್ತದೆ, ದೇವರಿಗೂ ಆಯಿತು.

ಇಷ್ಟೆಲ್ಲ ಮಾಡಿಯೂ ಮಾರ್ಚ್‌ನಲ್ಲಿ ಎಲೆ ಕಂದಾದರೆ ಕತ್ತರಿ ಹಿಡಿದು ಓಡಬೇಡಿ. ಮೇ ಮಧ್ಯದವರೆಗೆ ಕಾಯಿರಿ. ಆಮೇಲೆ ಉಗುರಿನಿಂದ ಕೊಂಬೆಯ ತೊಗಟೆ ಸ್ವಲ್ಪ ಕೆರೆದು ನೋಡಿ. ಹಸಿರಿದ್ದರೆ ಬಿಡಿ, ಕಂದಿದ್ದರೆ ಹಸಿರು ಸಿಗುವವರೆಗೆ ಕೆಳಗೆ ಕತ್ತರಿಸುತ್ತಾ ಬನ್ನಿ. ಫೋಟೋ ಗ್ರೂಪಿಗೆ ಹಾಕುವುದಿದ್ದರೆ ಕೆರೆದ ಜಾಗದ ಫೋಟೋ ಹಾಕಿ, ಎಲೆಯದ್ದಲ್ಲ.