ಅಜ್ಜಿ ಕೇಳಿದ ಪ್ರಶ್ನೆ

ನಿನ್ನೆ ನೈಟ್ ಡ್ಯೂಟಿ. ಜಗಳೂರು ಕಡೆಯ ಅಜ್ಜಿ ಒಬ್ಬರು ಬಚ್ಚಲಲ್ಲಿ ಜಾರಿ ಬಿದ್ದು ಮೊಣಕೈ ತರಚಿಕೊಂಡು ಕ್ಯಾಜುವಾಲ್ಟಿಗೆ ಬಂದಿದ್ದರು. ಡ್ರೆಸ್ಸಿಂಗ್ ಮುಗಿಸಿದೆ. ಗ್ಲೌಸ್ ಬಿಚ್ಚಿ ಕೆಂಪು ಬಕೆಟ್‌ಗೆ ಹಾಕಿ, ಸ್ಯಾನಿಟೈಸರ್ ಒತ್ತಿ ಕೈ ಉಜ್ಜುತ್ತಾ ನಿಂತೆ.

ಅಜ್ಜಿ ನನ್ನ ಕೈಯನ್ನೇ ನೋಡುತ್ತಿದ್ದರು. ಮೆಲ್ಲಗೆ ಕೇಳಿದರು, "ಯಾಕವ್ವಾ, ನನ್ನ ಮುಟ್ಟಿದ್ದಕ್ಕೆ ಕೈ ತೊಳಕಂತೀಯಾ?"

ಎದೆ ಧಸಕ್ಕೆಂದಿತು. ಆ ಪ್ರಶ್ನೆ ಎಲ್ಲಿಂದ ಬಂತು ಅಂತ ಗೊತ್ತಾಯ್ತು.

"ಅಯ್ಯೋ ಇಲ್ಲಜ್ಜಿ, ನಿಮ್ಮನ್ನ ಮುಟ್ಟೋಕೆ ಮೊದಲೂ ತೊಳೆದಿದ್ದೆ" ಅಂದೆ.

ಸುಳ್ಳು. ತೊಳೆದಿರಲಿಲ್ಲ. ಆಗ ತಾನೇ ಬೈಕ್ ಆಕ್ಸಿಡೆಂಟ್ ಕೇಸ್ ಒಂದು ಬಂದಿತ್ತು. ಅಲ್ಲಿಂದ ಓಡಿ ಬಂದವಳು ಸೀದಾ ಹೊಸ ಗ್ಲೌಸ್ ಏರಿಸಿದ್ದೆ. ಗ್ಲೌಸ್ ಹಾಕಿದರೆ ಸಾಕು ಅಂತಲ್ಲ, ಹಾಕೋ ಮುಂಚೆಯೂ ಕೈ ಶುಚಿ ಮಾಡಬೇಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಸಿಂಕ್ ಮೇಲೆ ಡಬ್ಲ್ಯೂಎಚ್‌ಒ ಪೋಸ್ಟರ್ ಇದೆ. ಕೈ ಶುಚಿ ಮಾಡಬೇಕಾದ 5 ಸಂದರ್ಭ, ಅದರಲ್ಲಿ 2 ಮುಟ್ಟೋ ಮೊದಲಿನವು, 3 ಆಮೇಲಿನವು. ಸ್ಯಾನಿಟೈಸರ್ ಆದ್ರೆ 20ರಿಂದ 30 ಸೆಕೆಂಡ್ ಸಾಕು. ನಿದ್ದೆಯಲ್ಲಿ ಕೇಳಿದರೂ ಹೇಳ್ತೀನಿ.

ಆಮೇಲಿನದ್ದು ಬಿಟ್ಟುಹೋಗೋದು ಕಮ್ಮಿ ನೋಡಿ. ಅದು ನನ್ನ ಜೀವದ ಭಯ ಅಲ್ವಾ. ಗಡಿಬಿಡಿಯಲ್ಲಿ ಹೆಚ್ಚಾಗಿ ಬಿಟ್ಟುಹೋಗೋದು ಮೊದಲಿನದ್ದೇ.

ಅಜ್ಜಿ ಅಂಗೈ ಚಾಚಿ "ನನಗೂ ಒಂದೀಟು ಹಾಕು" ಅಂದರು. ಹಾಕಿದೆ. ಮೂಸಿ ನೋಡಿ, "ಥೂ, ಸಾರಾಯಿ ವಾಸನೆ!"

ಬೆಳಿಗ್ಗೆ ಪಿ.ಬಿ. ರೋಡಲ್ಲಿ ಬಸ್ಸಿಗೆ ಕಾಯುವಾಗ ಸುಮ್ನೆ ಕೈ ಮೂಸಿಕೊಂಡೆ. ಇನ್ನೂ ಅದೇ ವಾಸನೆ.